ಗುರ್ಕಾರರ ದಾರಿಬುತ್ತಿ

ಕುಚ್ಚಲಕ್ಕಿಯ ಅನ್ನ ಬಸಿಯುತ್ತಿದ್ದೆ. ಪಕ್ಕದ ಮನೆಯವಳು ಅಂಗಳದಿಂದಲೇ ಕೂಗಿ ಹೇಳಿದಳು: ನಮ್ಮ ಗುರ್ಕಾರರು ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ ಬರುವಾಗ ದಾರಿಬದಿಯ ಕಟ್ಟೆಯಲ್ಲಿ ಕುಳಿತವರು ಏಳಲೇ ಇಲ್ಲವಂತೆ. "ಪಾದ್ರಿಯನ್ನು ಕರೀಲಿಕ್ಕೂ ಆಗ್ಲಿಲ್ಲ ಬಾಯೆ." ಬಿಸಿ ತೆಳಿ ಕೈಗೆ ಸಿಡಿದದ್ದು ಆಮೇಲೆ ಗೊತ್ತಾಯಿತು.

ಕೊಡೆಯ ಹಿಡಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿ, ಬೆನ್ನ ಮೇಲೆ ತೂಗುಬಿಟ್ಟು, ಎರಡೂ ಕೈ ಬೀಸಿ ನಡೆಯುವ ಮನುಷ್ಯ. ಸಿದ್ಧಕಟ್ಟೆಯ ಕಡೆ ನಮ್ಮ ಕ್ರೈಸ್ತ ಮನೆಗಳ ಕಷ್ಟಸುಖ ನೋಡಿಕೊಳ್ಳಲು ಇಗರ್ಜಿಯವರು ನೇಮಿಸಿದ ಗುರ್ಕಾರರು. ಬೆಳಿಗ್ಗೆ ಪೂಜೆಗೆ ಹೋಗುವಾಗ ಚಹಾಕ್ಕೆ ಕರೆದರೆ ನಿಲ್ಲುತ್ತಿರಲಿಲ್ಲ. ಪ್ರಸಾದ ಸ್ವೀಕರಿಸಿ ಮನೆಗೆ ಮರಳುವವರೆಗೆ ಹನಿ ನೀರೂ ಮುಟ್ಟದ ಹಳೆಯ ಕ್ರಮ ಅವರದು.

ಯಾರಿಗಾದರೂ ಕಾಯಿಲೆ ಬಿಗಡಾಯಿಸಿದರೆ ಕೊನೆಯ ಪ್ರಸಾದ, ಅಂದರೆ ಪರಲೋಕದ ದಾರಿಬುತ್ತಿ, ಕೊಡಿಸಲು ಪಾದ್ರಿಯನ್ನು ಕರೆತರುವುದು ಅವರ ಕೆಲಸ. ಹಾಗಾಗಿ ಕೆಲವರು ದೂರದಲ್ಲಿ ಆ ಕೊಡೆ ಕಂಡರೇ ಮುಖ ಸಣ್ಣ ಮಾಡುತ್ತಿದ್ದರು. "ನನ್ನನ್ನು ಕಂಡ್ರೆ ಇವರಿಗೆ ಯಮನನ್ನು ಕಂಡ ಹಾಗೆ. ನಾನು ಬರೇ ಬುತ್ತಿಯವ ಮಾರಾಯ್ತಿ!" ಎಂದು ನಗುತ್ತಿದ್ದರು.

ಅವರನ್ನು ಬಾಗಿಲಲ್ಲಿ ತಡೆದವಳು ನಾನೂ ಹೌದು. ತೊಂಬತ್ತರ ದಶಕದಲ್ಲಿ ನನ್ನ ಅತ್ತೆ ಹಾಸಿಗೆ ಹಿಡಿದಿದ್ದರು. ಪಾದ್ರಿಯನ್ನು ಕಂಡು ಹೆದರಿಯಾರು ಎಂದು ನನ್ನ ಲೆಕ್ಕ. "ಈಗಲೇ ಬೇಡ ಮಾಮ್, ಸ್ವಲ್ಪ ನೋಡುವ" ಎಂದೆ.

"ನೋಡಿ ನೋಡಿ, ನುಂಗ್ಲಿಕ್ಕೆ ಆಗದ ಮೇಲೆ ಕರೀತೀಯಾ? ನಿನ್ನ ಗಂಡ ಬೊಂಬಾಯಿಗೆ ಹೋಗುವಾಗ ಬಸ್ಸು ಬಿಟ್ಟ ಮೇಲೆ ಬುತ್ತಿ ಕಟ್ಟುದಾ ನೀನು?"

ಒಳಗಿನಿಂದ ಅತ್ತೆಯ ಸ್ವರ ಬಂತು: "ಅವಳ ಹತ್ರ ಎಂತ ಕೇಳುದು ಗುರ್ಕಾರ್ರೇ? ಹೊರಟವಳು ನಾನು. ಕರ್ಕೊಂಡು ಬನ್ನಿ."

ಗುರ್ಕಾರರೇ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಎರಡು ಮೇಣದಬತ್ತಿ ಹಚ್ಚಿದರು. ಅತ್ತೆ ಪರಮಪ್ರಸಾದ ಸ್ವೀಕರಿಸಿದರು. ಮೂರನೆಯ ದಿನ, ಗಂಜಿ ಸಪ್ಪೆ ಎಂದು ನನ್ನನ್ನು ಬೈದು, ಸಮಾಧಾನದಿಂದ ಹೋದರು. ಆ ಬಿಳಿ ಬಟ್ಟೆ ನನ್ನಲ್ಲೇ ಉಳಿಯಿತು. ಅಲ್ಲಿಂದಾಚೆ ಯಾವ ಮನೆಗೆ ಬೇಕಾದರೂ ಒಗೆದು, ಗಂಜಿ ಹಾಕಿ ಕೊಡುವುದು ನನ್ನ ಪಾಲಿನ ಸೇವೆ. "ನಾವೆಲ್ಲ ದಾರಿಯಲ್ಲಿ ಇರುವವರು ಬಾಯೆ. ಮನೆ ಆಚೆ ಉಂಟು," ಎನ್ನುತ್ತಿದ್ದರು ಗುರ್ಕಾರರು ಬಟ್ಟೆ ಒಯ್ಯುವಾಗ.

ಸುದ್ದಿ ಕೇಳಿದವಳೇ ಒಲೆ ಆರಿಸಿ ಗುರ್ಕಾರರ ಮನೆಗೆ ಓಡಿದೆ. ಹೆಂಗಸರು ಪಿಸುಗುಟ್ಟುತ್ತಿದ್ದರು: "ಊರಿಗೆಲ್ಲ ಬುತ್ತಿ ತಂದವರು, ಪಾಪ, ತಾನು ಬರಿಗೈಯಲ್ಲಿ ಹೋದ್ರಲ್ಲ." ನನ್ನ ಎದೆಯಲ್ಲೂ ಅದೇ ಮುಳ್ಳು.

ಅವರ ಹೆಂಡತಿ ತಲೆಯೆತ್ತಿದರು. "ಬರಿಗೈ ಎಂತದು? ಪೂಜೆಯಿಂದ ಬರ್ತಾ ಇದ್ದದ್ದಲ್ವಾ? ಚಹಾ ಸಹ ಕುಡೀಲಿಲ್ಲ. ಹೊಟ್ಟೆಯಲ್ಲಿ ಇದ್ದದ್ದು ಆ ಪ್ರಸಾದ ಒಂದೇ."

ದೇವರೇ, ನಿನಗೆ ಸ್ತುತಿ, ಎಂದೆ ಮನಸ್ಸಿನಲ್ಲೇ.

ನಾಳೆ ಅವರ ತಲೆಯ ಬಳಿ ಶಿಲುಬೆ ಇಡುವ ಮೇಜಿಗೆ ಆ ಬಟ್ಟೆಯೇ ಬೇಕಲ್ಲ ಎಂದು ಮನೆಗೆ ಬಂದೆ. ಬೆಳಗ್ಗಿನ ತೆಳಿ ಪಾತ್ರೆಯಲ್ಲಿ ಕೆನೆಗಟ್ಟಿತ್ತು. ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಬಿಸಿಲಿರುವಾಗಲೇ ಹಗ್ಗಕ್ಕೆ ಹರವಿದೆ.