ನೂಲಿನ ತಕ್ಕಡಿಯ ಮೇಲೆ ಒಂದು ಗಿನಿ ಪಿಗ್

ಜೂನ್ 8, ಭಾನುವಾರ, ಬೆಳಿಗ್ಗೆ 7 ಗಂಟೆ 20 ನಿಮಿಷ. ತೂಕ 1,026 ಗ್ರಾಂ.

ನಾನು ತೂಕ ಬರೆದಿಡುವ ವಹಿಯ ಮೊದಲ ಸಾಲು ಇಷ್ಟೇ. ಅದಕ್ಕೆ ಮೂವತ್ತೈದು ದಿನ ಹಿಂದೆ, ಮೇ 4ರಂದು, ಲಕ್ಷ್ಮೇಶ್ವರದ ಗೆಳತಿಯ ಮನೆಯಿಂದ ಈ ಗಿನಿ ಪಿಗ್ಗನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬೆಟಗೇರಿಗೆ ತಂದಿದ್ದೆ. ಆ ದಿನ ತೂಗಿದಾಗ 890 ಗ್ರಾಂ ಇತ್ತು. ಅಂದರೆ 136 ಗ್ರಾಂ ಹೆಚ್ಚಾಗಿತ್ತು. ಗೆಳತಿಯ ಮನೆಯಲ್ಲಿ ಗಂಡು ಹೆಣ್ಣು ಎಲ್ಲ ಒಂದೇ ಗೂಡಿನಲ್ಲಿ ಇದ್ದವು ಎಂಬುದು ನನಗೆ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು.

ಅವ್ವ ಬೆಳ್ಳಟ್ಟಿಯ ಶಾಲೆಯಲ್ಲಿ ಶಿಕ್ಷಕಿ. ಬೆಳಿಗ್ಗೆ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆಗೆ. ನಾನು ಗದಗದಲ್ಲಿ ಬಿ.ಎಸ್ಸಿ. ಓದುತ್ತೇನೆ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಕಟ್ಟೆ ಇರುವ ಬಾಡಿಗೆ ಮನೆ. ಗೂಡು ಇರುವುದು ಕಟ್ಟೆಯ ಮೇಲೆ. ಜೂನ್ 8ರಂದು ವಹಿಯಲ್ಲಿನ ಅಂಕಿ ನೋಡಿ ಅವ್ವ ತನ್ನ ತೀರ್ಪು ಹೇಳಿದಳು.

"ಒಂದ ಇದ್ರ ಇರ್ಲಿ. ಮರಿ ಹಾಕ್ತೈತಿ ಅಂದ್ರ ಲಕ್ಷ್ಮೇಶ್ವರಕ್ಕ ವಾಪಸ್."

"ಹಾಕಿದಮ್ಯಾಲ ನೋಡೂಣಲ್ಲ ಅವ್ವಾ?"

"ಹಾಕಿದಮ್ಯಾಲ ಮರಿಗೋಳ್ನ ನೀ ಬಿಡ್ತಿ ಏನು? ನೀ ಬಿಟ್ರೂ ನಾ ಬಿಡೂದಿಲ್ಲ. ಅದಕ್ಕ ಹುಟ್ಟೂದ್ರೊಳಗ ಹೇಳು."

ಜೂನ್ 29ರ ಭಾನುವಾರ ಗೆಳತಿ ಒಂದು ಮದುವೆಗೆಂದು ಗದಗಕ್ಕೆ ಬರುವವಳಿದ್ದಳು. ಅದೇ ಗಡುವು. ಅಷ್ಟರೊಳಗೆ ಇದು ಬಸುರೋ ಬೊಜ್ಜೋ ಎಂದು ನಾನು ಹೇಳಬೇಕು. ಬಸುರಾಗಿದ್ದರೆ ಅದನ್ನು ಕಳಿಸಿಕೊಡಬೇಕು. ನನಗೆ ಕಳಿಸುವ ಮನಸ್ಸಿರಲಿಲ್ಲ. ನಾನು ಗೇಟು ತೆಗೆದ ಸದ್ದಿಗೇ ಅದು ಸೀಟಿ ಹೊಡೆದಂತೆ ಕೂಗುತ್ತಿತ್ತು. ದಿನಕ್ಕೆ ಸರಾಸರಿ ನಾಲ್ಕು ಸಲ. ಅದನ್ನೂ ಬರೆದಿಟ್ಟಿದ್ದೇನೆ.

ತೂಗುತ್ತಿದ್ದುದು ಪಕ್ಕದ ಮನೆಯಲ್ಲಿ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅಲ್ಲಿರುವ ಕಾಕಾ ಸೀರೆ ನೇಯುತ್ತಾರೆ, ಕಾಕು ನೂಲು ಸುತ್ತುತ್ತಾಳೆ. ನೂಲು ತೂಗಲು ಅವರಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅದು ಒಂದು ಗ್ರಾಂ ಕೂಡ ತಪ್ಪುವುದಿಲ್ಲ. ಅದರ ಮೇಲೆ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ಸೊನ್ನೆಗೆ ತಂದು, ಗಿನಿ ಪಿಗ್ಗನ್ನು ಕೂರಿಸಬೇಕು. ಅಂಕಿ ನಿಲ್ಲುವವರೆಗೆ ಯಾರೂ ನಗಬಾರದು. ಇದು ಕಾಕುವಿನಿಂದ ಆಗುತ್ತಿರಲಿಲ್ಲ.

"ಬಸರೈತಿ ಇದು," ಎಂದಳು ಕಾಕು, ಮೊದಲ ದಿನವೇ. "ಮಾರಿ ಮ್ಯಾಲ ಕಳಿ ನೋಡವಾ."

"ಮಾರಿ ಯಾವ ಕಡಿ ಐತಿ ಅನ್ನೂದ ನನಗಿನ್ನೂ ತಿಳದಿಲ್ಲ," ಎಂದರು ಕಾಕಾ ಮಗ್ಗದಿಂದ.

"ನಿಮಗ ನಾ ಬಸರಿದ್ದಾಗೂ ತಿಳದಿದ್ದಿಲ್ಲ. ಸುಮ್ನ ನೇಯ್ರಿ."

ಕಾಕುವಿನ ಒಬ್ಬಳೇ ಮಗಳನ್ನು ಮುಂಡರಗಿಗೆ ಕೊಟ್ಟಿದ್ದಾರೆ. ಅವಳಿಗೆ ಏಳು ತಿಂಗಳು. ದಿನಕ್ಕೆ ಎರಡು ಸಲ ಫೋನು ಬರುತ್ತಿತ್ತು. ಕಾಕು ಸ್ಪೀಕರ್ ಹಾಕಿಕೊಂಡು ಮಾತಾಡುವುದರಿಂದ, ಮಗಳಿಗೆ ಇವತ್ತು ಯಾವುದರ ಬಯಕೆ, ಯಾವುದರ ವಾಸನೆ ಆಗುವುದಿಲ್ಲ ಎಂಬುದೆಲ್ಲ ನಮ್ಮ ಓಣಿಗೇ ಗೊತ್ತಿತ್ತು.

ಜೂನ್ 9ರಂದು, ಕಾಲೇಜಿನಿಂದ ಬರುವಾಗ, ಸ್ಕ್ಯಾನಿಂಗ್ ಕೇಂದ್ರವೊಂದರ ಒಳಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಅಕ್ಕನವರು ನನ್ನ ಮಾತು ಪೂರ್ತಿ ಕೇಳದೆ ಗೋಡೆಯ ಮೇಲಿದ್ದ ಫಲಕ ತೋರಿಸಿದರು. ಗಂಡೋ ಹೆಣ್ಣೋ ಹೇಳುವುದಿಲ್ಲ, ಅದು ಅಪರಾಧ ಎಂದಿತ್ತು.

"ಗಂಡು ಹೆಣ್ಣು ಬ್ಯಾಡ್ರಿ ಅಕ್ಕಾರ. ಐತೋ ಇಲ್ಲೋ ಅಷ್ಟ ಸಾಕು."

"ಡಾಕ್ಟರ್ ಚೀಟಿ, ಪೇಷಂಟ್ ಆಧಾರ್ ಕಾರ್ಡ್ ತಂದೀರೇನು?"

"ಪೇಷಂಟ್ ಗಿನಿ ಪಿಗ್ ರೀ."

ಅವರು ಪೆನ್ನು ಕೆಳಗಿಟ್ಟರು. ನಾನು ಹೊರಗೆ ಬಂದೆ. ವಹಿಯಲ್ಲಿ "ಸ್ಕ್ಯಾನ್: ಆಗಲಿಲ್ಲ" ಎಂದು ಬರೆದೆ.

ಮರುದಿನ ಪಶು ಆಸ್ಪತ್ರೆಗೆ ಹೋದೆ. ನನ್ನ ಮುಂದೆ ಎರಡು ಎಮ್ಮೆ, ಒಂದು ಹೋರಿ, ಒಂದು ಆಡು ಇದ್ದವು. ನನ್ನ ಸರದಿ ಬಂದಾಗ ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಡಾಕ್ಟರು ಸ್ವಲ್ಪ ಹೊತ್ತು ಒಳಗೆ ನೋಡಿದರು.

"ಎಮ್ಮಿ ಆಗಿದ್ರ ನಿಂತಲ್ಲೇ ತಿಂಗಳಾ ಹೇಳ್ತಿದ್ದೆ," ಎಂದರು. ಎರಡು ಬೆರಳಿನಲ್ಲಿ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. "ಏನೋ ಐತಿ. ಮರಿನೂ ಇರಬಹುದು, ಕೊಬ್ಬೂ ಇರಬಹುದು. ಒತ್ತಿ ನೋಡಾಕ ಮನಸ್ಸಿಲ್ಲ."

ಆಮೇಲೆ ಅವರು ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. ತಿನ್ನುವುದನ್ನು ಕಡಿಮೆ ಮಾಡಬಾರದು, ಬಸುರಾಗಿದ್ದರೆ ತಾಯಿಗೆ ಅಪಾಯ. ಹೆಚ್ಚೂ ಮಾಡಬಾರದು. ದಿನಾ ಒಂದೇ ಅಳತೆ ಹಾಕಬೇಕು, ದಿನಾ ಒಂದೇ ಹೊತ್ತಿಗೆ ತೂಗಬೇಕು. ಅಳೆದು ಹಾಕಿದರೂ ತೂಕ ಏರುತ್ತ ಹೋದರೆ ಬಸುರು. ನಿಂತರೆ ಬೊಜ್ಜು.

ಹೀಗೆ ಜೂನ್ 11ರಿಂದ ಅಳತೆ ಶುರುವಾಯಿತು. ಹುಲ್ಲು ಅದಕ್ಕೆ ಬೇಕಾದಷ್ಟು. ಕಾಳಿನ ತಿನಿಸು ಎರಡು ಚಮಚ. ಸೊಪ್ಪು ಒಂದು ಹಿಡಿ, ಅದೂ ತಕ್ಕಡಿಯಲ್ಲಿ ತೂಗಿ ಐವತ್ತು ಗ್ರಾಂ. ಮೊದಲ ದಿನ 1,040. ಆಮೇಲೆ 1,048, 1,055, 1,064, 1,072, 1,081. ಜೂನ್ 17ರ ಮಂಗಳವಾರ 1,089.

ಪ್ರತಿದಿನ ಅಂಕಿ ಓದಿದಾಗ ಕಾಕು ಕೈ ಚಪ್ಪಾಳೆ ಹೊಡೆಯುತ್ತಿದ್ದಳು. "ಎಂಟು ಗ್ರಾಂ! ನೋಡವಾ, ನಾ ಏನ್ ಹೇಳಿದ್ದೆ?"

ಅವ್ವ ವಹಿ ಇಸಿದುಕೊಂಡು, ಉತ್ತರಪತ್ರಿಕೆ ನೋಡುವಂತೆ, ಬೆರಳನ್ನು ಮೇಲಿನಿಂದ ಕೆಳಗೆ ಎಳೆದಳು. "ಆತು. ಗೆಳತಿಗೆ ಫೋನ್ ಮಾಡಿ ಹೇಳು."

ನಾನು ಫೋನು ಮಾಡಿದೆ. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ಹೊಸದಾಗಿ ಹನ್ನೆರಡು ತೂತು ಹಾಕಿದೆ. ಆ ರಾತ್ರಿ ಊಟ ಸೇರಲಿಲ್ಲ. ಅದನ್ನು ವಹಿಯಲ್ಲಿ ಬರೆಯಲಿಲ್ಲ, ಏಕೆಂದರೆ ಅದು ಗಿನಿ ಪಿಗ್ಗಿನ ವಹಿ.

ಮರುದಿನ ಬೆಳಿಗ್ಗೆ ಕಾಕು ಮಗಳ ಕುಬಸಕ್ಕೆಂದು ಹಸಿರು ಸೀರೆ, ಬಳೆ, ಐದು ಥರದ ಉಂಡಿ ಕಟ್ಟಿಕೊಂಡು ಮುಂಡರಗಿಗೆ ಹೊರಟಳು. ಬಸುರಿ ಮಗಳ ಮಡಿಲು ತುಂಬುವ ಕೆಲಸ ಅವಳಿಲ್ಲದೆ ಆಗುವುದಲ್ಲ. ವಹಿಯ "ವಿಶೇಷ" ಎಂಬ ಕಾಲಮಿನಲ್ಲಿ "ಕಾಕು ಮುಂಡರಗಿಗೆ" ಎಂದು ಬರೆದೆ. ಆ ಕಾಲಮನ್ನು ತುಂಬಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಮುಂದಿನ ದಿನಗಳಲ್ಲಿ ಕಾಕಾ ಮಗ್ಗ ನಿಲ್ಲಿಸಿ ಬಂದು ತಕ್ಕಡಿ ಹಿಡಿದರು. ಜೂನ್ 19ಕ್ಕೆ 1,088. ಜೂನ್ 20ಕ್ಕೆ 1,083. ಜೂನ್ 21ಕ್ಕೆ 1,079. ನಿಂತರೆ ಬೊಜ್ಜು ಎಂದು ಡಾಕ್ಟರು ಹೇಳಿದ್ದರು. ಇಳಿದರೆ ಏನು ಎಂದು ನಾನು ಕೇಳಿರಲಿಲ್ಲ. ಒಳಗಿನ ಮರಿಗಳಿಗೆ ಏನಾದರೂ ಆಯಿತೇ? ನನ್ನ ಎರಡು ಚಮಚ ಸಾಲದೇ ಹೋಯಿತೇ? ಗೂಡಿನ ಮುಂದೆ ಕುಳಿತು ಅರ್ಧ ಗಂಟೆ ನೋಡಿದೆ. ಅದು ಹುಲ್ಲು ತಿಂದಿತು, ಓಡಾಡಿತು, ನನ್ನ ಚೂಡಿದಾರಿನ ಅಂಚು ಕಡಿಯಿತು. ಒಂದು ವಿಷಯ ಮಾತ್ರ ಹೊಸದು. ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಅದು ಕಾಕುವಿನ ಬಾಗಿಲ ಕಡೆ ತಿರುಗಿ ಸೀಟಿ ಹೊಡೆಯಿತು.

"ದಿನಾ ಹಿಂಗ ಕೂಗ್ತೈತೇನ್ರಿ ಕಾಕಾ?"

"ದಿನಾ ಎಲ್ಲಿ ಕೂಗ್ತೈತಿ? ಕೂಗೂದ್ರೊಳಗ ಅಕಿ ಗೂಡಿನ ಹತ್ರ ಹೋಗಿರ್ತಾಳ," ಎಂದರು ಕಾಕಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಮಗ್ಗದ ಕಡೆ ನಡೆದರು.

ಕಾಕು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದಳು. ಸೋಮವಾರ ತೂಕ 1,087. ನಾನು ವಹಿಯನ್ನು ಅವಳ ಮುಂದೆ ಹಿಡಿದು ತೂಕ, ವಿಶೇಷ ಎಂಬ ಎರಡು ಕಾಲಮುಗಳ ಮೇಲೆ ಬೆರಳಿಟ್ಟೆ.

"ಕಾಕೂ, ಖರೆ ಹೇಳ್ರಿ. ಏನೇನ್ ಹಾಕೀರಿ?"

"ನಾನೇನ್ ಹಾಕೀನಿ? ಒಂದೀಟು ಸವತಿಕಾಯಿ."

"ಅಷ್ಟ?"

"ಗಜ್ಜರಿ. ಮೆಂತೆ ಪಲ್ಯೆ. ಮೊನ್ನೆ ಒಂದ್ ನಾಕ ಶೇಂಗಾ."

"ಕಾಕೂ."

"ಹೋಳಿಗಿ ಕೊಟ್ಟಿಲ್ಲವಾ, ದೇವರಾಣಿ. ಬರೇ ಅಂಚು."

ಆಮೇಲೆ ಅವಳು ನೂಲಿನ ಉಂಡೆ ಮಡಿಲಲ್ಲಿಟ್ಟುಕೊಂಡು ಕೆಳಗೆ ಕುಳಿತಳು. ಮಗಳು ಫೋನಿನಲ್ಲಿ ಸವತಿಕಾಯಿ ತಿನ್ನಬೇಕೆನಿಸುತ್ತದೆ ಎಂದ ದಿನ ಸವತಿಕಾಯಿ ಕೊಟ್ಟಿದ್ದಳು. ಗಜ್ಜರಿ ಎಂದ ದಿನ ಗಜ್ಜರಿ.

"ಅಕಿ ಮುಂಡರಗ್ಯಾಗ, ನಾ ಇಲ್ಲಿ. ಬಸರ ಹೆಂಗಸು ಬೇಡಿದ್ದು ಯಾರ ಬಾಯಾಗಾದ್ರೂ ಬೀಳಬೇಕಲ್ಲವಾ? ಇದೂ ಬಸರಿ ಅಂತ ನಾ ತಿಳಕೊಂಡಿದ್ದೆ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹದಿಮೂರು ದಿನದ ಪರೀಕ್ಷೆ ಹಾಳಾಗಿತ್ತು. ಆದರೆ ಅವಳಿಲ್ಲದ ದಿನಗಳ ಅಂಕಿಗಳು ಉಳಿದಿದ್ದವು. ಗಡುವಿಗೆ ಇನ್ನು ಆರು ದಿನ. ಕಾಕು ತಕ್ಕಡಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಕಾಕಾ ಕಾವಲು ನಿಲ್ಲುತ್ತೇನೆಂದು ಒಪ್ಪಿಕೊಂಡರು.

1,085. 1,082. 1,082. 1,080. 1,079. ಜೂನ್ 29ಕ್ಕೆ 1,077.

ಗೆಳತಿ ಮದುವೆ ಊಟ ಮುಗಿಸಿ, ತಲೆಯಲ್ಲಿ ಮಲ್ಲಿಗೆ ಮುಡಿದುಕೊಂಡು, ಗಿನಿ ಪಿಗ್ಗನ್ನು ಒಯ್ಯಲು ಬಂದಳು. ಅವ್ವ ಕನ್ನಡಕ ಹಾಕಿಕೊಂಡು ವಹಿಯ ಎಲ್ಲ ಪುಟ ಓದಿದಳು. ನಾನು ಗೂಡಿಗೆ ಅಡ್ಡ ನಿಂತಿದ್ದೆ.

"ಬಸರಿಲ್ಲ," ಎಂದಳು ಅವ್ವ. "ಪಾಸ್."

ಗೆಳತಿ ಖಾಲಿ ಕೈಯಲ್ಲಿ ಹೋದಳು. ಹೋಗುವಾಗ "ನಾ ಮೊದಲ ಹೇಳಿದ್ನೆಲ್ಲ, ಅದು ತಿಂಡಿಪೋತಿ ಐತಿ ಅಂತ" ಎಂದಳು. ಹೇಳಿರಲಿಲ್ಲ. ನಾನು ಎಲ್ಲ ಪುಟ ಹುಡುಕಿ ನೋಡಿದೆ.

ಗಿನಿ ಪಿಗ್ ಹೆಚ್ಚೆಂದರೆ ಎಪ್ಪತ್ತೆರಡು ದಿನ ಬಸುರಿರುತ್ತದೆ ಎಂದು ಓದಿದ್ದೆ. ಮೇ 4ರಿಂದ ಎಣಿಸಿದರೆ ಜುಲೈ 15. ಆ ದಿನವೂ ಬಂತು, ಹೋಯಿತು, ಮರಿ ಆಗಲಿಲ್ಲ. ತೂಕ 1,048ಕ್ಕೆ ಇಳಿದಿತ್ತು. ಆ ಸಂಜೆಯೇ ಕಾಕುವಿನ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಇನ್ನು ಕಾಕುವಿಗೆ ತಿನ್ನಿಸಲು ಬೇರೆ ಬಾಯಿ ಸಿಕ್ಕಿತು ಎಂದು ನನಗೆ ನೆಮ್ಮದಿಯಾಯಿತು.

ಜುಲೈ 22ಕ್ಕೆ ತೂಕ 1,071. ಕಾಕು ಆಣೆ ತಪ್ಪಿಲ್ಲ, ಕಾಕಾ ಸಾಕ್ಷಿ. ನಿನ್ನೆ ಕಾಲೇಜಿನಿಂದ ಬೇಗ ಬಂದೆ. ಕಾಕುವಿನ ಮಗಳು ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ತಾಯಿ ಕೊಟ್ಟ ತಟ್ಟೆಯನ್ನು ಅರ್ಧಕ್ಕರ್ಧ ಗೂಡಿನೊಳಗೆ ಖಾಲಿ ಮಾಡುತ್ತಿದ್ದಳು.

"ನಮ್ಮವ್ವಗ ಹೇಳಬ್ಯಾಡ," ಎಂದಳು. "ದಿನಕ್ಕ ಆರ ಸಲ ತಿನ್ನಿಸ್ತಾಳ. ನನಗೊಬ್ಬಾಕಿಗೆ ಆಗೂದಿಲ್ಲ."

ಈಗ ಅದನ್ನು ಬಂದಾಗಿನ ತೂಕದ ಹತ್ತಿರಕ್ಕೆ, 900ಕ್ಕೆ ಇಳಿಸಬೇಕು. ಅಲ್ಲಿಯವರೆಗೆ ಅವ್ವ ಪ್ರತಿ ಭಾನುವಾರ ವಹಿ ನೋಡುತ್ತಾಳಂತೆ. ಗಿನಿ ಪಿಗ್ಗಿನ ತೂಕವನ್ನು ಯಾರಾದರೂ ಇಳಿಸಿದ್ದರೆ, ಎಷ್ಟು ದಿನದಲ್ಲಿ, ಏನು ಹಾಕಿ ಇಳಿಸಿದಿರಿ ಎಂದು ದಯವಿಟ್ಟು ನನಗೆ ಬರೆಯಿರಿ. ತುಂಬು ಬಸುರಿಯ ಕೈಯಿಂದ ಮನಸ್ಸು ನೋಯಿಸದೆ ತಟ್ಟೆ ಇಸಿದುಕೊಳ್ಳುವ ಬಗೆ ಬಲ್ಲವರಿದ್ದರೆ, ಅವರು ಮೊದಲು ಬರೆಯಲಿ.