ಏಳನೇ ನಂಬರಿನ ಬ್ಯಾಟರಿ

ಇದನ್ನು ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಹೆದರಿಕೆಯಿಂದಲ್ಲ, ನಾಚಿಕೆಯಿಂದ. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ‘ಕಣ್ಣಾರೆ ಕಂಡೆ’ ಎನ್ನುವವರ ಮಾತನ್ನು ಎಲ್ಲಕ್ಕಿಂತ ಕಡಿಮೆ ನಂಬಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವವನು. ಈಗ ನಾನೇ ಕಣ್ಣಾರೆ ಕಂಡೆ ಎನ್ನಬೇಕಾಗಿದೆ.

ನಡೆದದ್ದು ನಿಜ. ಆ ರಾತ್ರಿ ನಾನು ಖಾನಾಪುರಕ್ಕೆ ಹೋದದ್ದಕ್ಕೆ, ಅಲ್ಲಿಂದ ಬಂದದ್ದಕ್ಕೆ ಆಸ್ಪತ್ರೆಯ ಕಾಗದಪತ್ರಗಳಿವೆ. ನಡುವಿನ ದಾರಿಗೆ ಮಾತ್ರ ನನ್ನ ನೆನಪೊಂದೇ ಸಾಕ್ಷಿ. ಆ ಸಾಕ್ಷಿಯ ಮೇಲೆ ನನಗೇ ಗುಮಾನಿ...

ಆ ವಾರ ನನ್ನ ಹಳೆಯ ಕಾರು ಬೆಳಿಗ್ಗೆ ಚಾಲೂ ಆಗಲು ತಕರಾರು ಮಾಡುತ್ತಿತ್ತು. ಕೀಲಿ ತಿರುಗಿಸಿದರೆ ಎರಡು ಸಲ ಎಳೆದು ಉಸಿರು ಕಟ್ಟಿದಂತೆ ಸುಮ್ಮನಾಗುತ್ತಿತ್ತು. ಹೆಂಡತಿ ಶೋಭಾ ಚೊಚ್ಚಲ ಹೆರಿಗೆಗೆ ಖಾನಾಪುರದ ತವರಿಗೆ ಹೋಗಿದ್ದಳು. ದಿನ ತುಂಬಲು ಇನ್ನೂ ಮೂರು ವಾರ ಇತ್ತು.

“ಮೊದಲ ಆ ಬ್ಯಾಟ್ರಿ ಬದಲ ಮಾಡಸ್ರಿ,” ಎಂದು ದಿನಾ ಫೋನಿನಲ್ಲಿ ಹೇಳುತ್ತಿದ್ದಳು. “ನನ್ನ ಹೊತ್ತಿಗೇನ ಅದು ಕೈ ಕೊಟ್ಟರ?”

ಕೊನೆಗೊಂದು ಸಂಜೆ ಉದ್ಯಮಬಾಗದಲ್ಲಿರುವ ಬಸಣ್ಣನ ಬ್ಯಾಟರಿ ಅಂಗಡಿಗೆ ಹೋದೆ. ಅವನು ಟೆಸ್ಟರಿನ ಎರಡು ಮೊನೆಗಳನ್ನು ಬ್ಯಾಟರಿಗೆ ಒತ್ತಿ ಹಿಡಿದ. ಮುಳ್ಳು ಕೆಂಪು ಪಟ್ಟಿಗೆ ಬಿತ್ತು.

“ಇದರ ಆಯುಷ್ಯ ಮುಗದೈತ್ರಿ ಸರ. ಹೊಸಾದು ಹಾಕ್ರಿ.”

ಟೆಸ್ಟರ್ ಅವನದು, ಅಂಗಡಿ ಅವನದು, ಮುಳ್ಳೂ ಅವನದೇ. ನಾನು ಸುಲಭಕ್ಕೆ ನಂಬುವವನಲ್ಲ. ಮೂವತ್ತೈದು ಆ್ಯಂಪಿಯರಿನದೇ ಏಕೆ, ದೊಡ್ಡದು ಹಾಕಿದರೆ ಹೆಚ್ಚು ಬಾಳುವುದಿಲ್ಲವೇ, ಒಂದಕ್ಕೆ ವಾರಂಟಿ ಹೆಚ್ಚು ಇನ್ನೊಂದಕ್ಕೆ ಕಡಿಮೆ ಏಕೆ, ತಯಾರಾಗಿ ಎಷ್ಟು ತಿಂಗಳಾಯಿತು ಎಂದು ಒಂದೊಂದೇ ಕೇಳತೊಡಗಿದೆ.

“ದೊಡ್ಡದು ತಂದ್ರ ಆ ಜಾಗಾದಾಗ ಕುಂದರೂದಿಲ್ರಿ. ಕಂಪನಿ ಹೇಳಿದ ಅಳತಿದು ಹಾಕ್ರಿ, ತಾಜಾ ತಾರೀಖಿಂದು ನೋಡ್ರಿ, ವಾರಂಟಿ ಕಾರ್ಡಿಗೆ ಸಿಕ್ಕಾ ಹೊಡಸ್ಕೋರಿ. ಮುಗೀತು.” ಬಸಣ್ಣ ನಕ್ಕ. “ಕನ್ಯಾ ನೋಡಾಕ ಹೋದಾಗೂ ನೀವು ಇಷ್ಟು ತಪಾಸ ಮಾಡಿರ್ಲಿಕ್ಕಿಲ್ಲ ಬಿಡ್ರಿ ಸರ.”

ನಾನು ನಗಲಿಲ್ಲ. ಹಳೆಯದನ್ನೇ ಒಂದು ರಾತ್ರಿ ಚಾರ್ಜಿಗೆ ಹಾಕು, ನಾಳೆ ನನ್ನೆದುರಿಗೆ ಅಳೆದು ತೋರಿಸು, ಆಮೇಲೆ ಯೋಚಿಸುತ್ತೇನೆ ಎಂದೆ.

ಬ್ಯಾಟರಿ ಅಂಗಡಿಗಳಲ್ಲಿ ಒಂದು ಪದ್ಧತಿಯಿದೆ. ನಮ್ಮದು ಚಾರ್ಜಿಗೆ ಕೂತಿರುವಷ್ಟು ಹೊತ್ತು ಅಂಗಡಿಯದೊಂದನ್ನು ಕಾರಿಗೆ ಹಾಕಿ ಕಳಿಸುತ್ತಾರೆ. ಅದಲುಬದಲಾಗಬಾರದೆಂದು ಅವಕ್ಕೆ ಹಳದಿ ಬಣ್ಣದಲ್ಲಿ ನಂಬರ್ ಬರೆದಿರುತ್ತಾರೆ. ನಮ್ಮದಕ್ಕೆ ಹೆಸರು, ಗಾಡಿ ನಂಬರ್ ಇರುವ ಚೀಟಿ ಕಟ್ಟುತ್ತಾರೆ. ಬಸಣ್ಣ ಅದನ್ನೆಲ್ಲ ಮಾಡುವಾಗ ಏನೋ ಮಾತಾಡುತ್ತಲೇ ಇದ್ದ. ನಾನು ವಾರಂಟಿ ಕಾರ್ಡಿನ ಸಣ್ಣಕ್ಷರ ಓದುವುದರಲ್ಲಿ ಮುಳುಗಿದ್ದೆ. ಕಾರಿಗೆ ಕೂರಿಸಿದ ಬ್ಯಾಟರಿಯ ನಂಬರನ್ನು ನೋಡಲಿಲ್ಲ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

“ಇದು ಊರಾಗ ಅಡ್ಡಾಡಾಕ ಅಷ್ಟ ಮತ್ತ,” ಎಂದ ಬಸಣ್ಣ. “ದೂರ ಒಯ್ಯಬ್ಯಾಡ್ರಿ.”

ಅದೇ ರಾತ್ರಿ ಒಂಬತ್ತೂವರೆಗೆ ಅತ್ತೆಯ ಫೋನ್ ಬಂತು.

“ಶೋಭಾಗ ಬ್ಯಾನಿ ಸುರು ಆಗ್ಯಾವ್ರಿ. ಬಿಪಿ ಭಾಳ ಏರೈತಿ, ತಡಾ ಮಾಡದ ಬೆಳಗಾವಿಗೆ ಒಯ್ರಿ ಅಂತ ಡಾಕ್ಟರು ಹೇಳ್ಯಾರ. ಆಂಬುಲೆನ್ಸ್ ನಂದಗಡದ ಕಡೆ ಹೋಗೇತಂತ, ಯಾವಾಗ ಬರತೈತೋ... ನೀವ ಲಗೂನ ಬರ್ರಿ.”

ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಉದ್ಯಮಬಾಗದ ಫೌಂಡ್ರಿಗಳ ಸುಟ್ಟ ಮರಳಿನ ವಾಸನೆ ದಾಟಿತು. ದೇಸೂರು ದಾಟಿತು. ಆಮೇಲೆ ದೀಪಗಳು ವಿರಳವಾದವು. ರಸ್ತೆಯ ಎರಡೂ ಬದಿ ಕತ್ತಲೆ ಒತ್ತಿಕೊಂಡು ಬಂತು.

ಮತ್ತೆ ಫೋನ್ ಹೊಡೆದುಕೊಂಡಿತು. ಗಾಡಿ ಓಡಿಸುತ್ತ ನಾನು ಮಾತಾಡುವುದಿಲ್ಲ. ಬದಿಗೆ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ, ಹತ್ತು ವರ್ಷದ ರೂಢಿಯಂತೆ, ಕೈ ತಾನಾಗಿ ಕೀಲಿಗೆ ಹೋಗಿ ಎಂಜಿನ್ ಆರಿಸಿತು.

“ಎಲ್ಲಿ ಅದೀರಿ? ಅಕಿ ಕಣ್ಣು ಮಂಜ ಆಗ್ಯಾವ ಅನ್ನಾಕತ್ತಾಳ...”

“ಕಾಲು ತಾಸಿನ್ಯಾಗ ಬಂದ್ನಿ,” ಎಂದು ಕೀಲಿ ತಿರುಗಿಸಿದೆ.

ಟಕ್.

ಮತ್ತೆ ತಿರುಗಿಸಿದೆ. ಟಕ್... ಟಕ್ ಟಕ್... ಮುಂದಿನ ದೀಪಗಳು ಒಂದು ಕ್ಷಣ ಹಳದಿಯಾಗಿ ಕುಂದಿದವು. ಅಷ್ಟೇ.

ಕೆಳಗಿಳಿದು ಎರಡು ಲಾರಿಗಳಿಗೆ ಕೈ ಮಾಡಿದೆ. ಒಂದೂ ನಿಲ್ಲಲಿಲ್ಲ. ಬಸಣ್ಣನಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಶೋಭಾ ಅಲ್ಲಿ ಕಣ್ಣು ಮಂಜಾಗುತ್ತಿದೆ ಎನ್ನುತ್ತಿದ್ದಾಳೆ. ನಾನಿಲ್ಲಿ ಒಂದು ಪೆಟ್ಟಿಗೆ ಸೀಸದ ಮುಂದೆ ಕೈ ಹಿಸುಕುತ್ತ ನಿಂತಿದ್ದೇನೆ. ಒಳಗೆ ಕೂತು ಇನ್ನೊಮ್ಮೆ ಕೀಲಿ ಹಿಡಿದಾಗ ಆ ವಾಸನೆ ಬಂತು. ಅತಿಯಾಗಿ ಚಾರ್ಜಾದ ಬ್ಯಾಟರಿಯ, ಕೊಳೆತ ಮೊಟ್ಟೆಯಂಥ ವಾಸನೆ.

ಗಾಜಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದರು.

ಬಿಳಿ ಅಂಗಿ, ತಲೆಗೆ ಸುತ್ತಿದ ಟವೆಲು. ಮುಖ ಬೆಳಕಿಗೆ ಬರಲಿಲ್ಲ. ಬಂದ ಸಪ್ಪಳ ನನಗೆ ಕೇಳಿರಲಿಲ್ಲ. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದೆ.

“ನಿಮಗೂ ಏಳನೇ ನಂಬರಿಂದ ಕೊಟ್ರೇನ್ರಿ?”

ಬಾನೆಟ್ ತೆರೆದಿರಲಿಲ್ಲ. ಬ್ಯಾಟರಿ ಎಂಬ ಶಬ್ದವನ್ನೇ ನಾನು ಆಡಿರಲಿಲ್ಲ.

ಮೊದಲು ಬಂದದ್ದು ಭಯವಲ್ಲ, ಅನುಮಾನ. ಇದು ಆ ಬಸಣ್ಣನ ಆಟ. ಸತ್ತ ಬ್ಯಾಟರಿ ಕೊಡುವುದು, ಹಿಂದಿನಿಂದ ಮನುಷ್ಯನನ್ನು ಬಿಡುವುದು, ಅಡವಿ ದಾರಿಯಲ್ಲಿ ಸಿಕ್ಕಿಸಿಕೊಳ್ಳುವುದು. ಬಾಗಿಲು ಲಾಕ್ ಮಾಡಿದೆ.

“ಯಾರು ನೀವು? ಬಸಣ್ಣ ಕಳಸ್ಯಾನೇನು?”

“ಬಾನೆಟ್ ತಗಿಯೂದು ಬ್ಯಾಡ್ರಿ, ಹೊತ್ತಿಲ್ಲ. ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡೀರಿ. ನಾ ದೂಡತೇನಿ.”

“ಒಬ್ರ?”

“ಇಲ್ಲಿ ಬ್ಯಾರೆ ಯಾರದಾರ್ರಿ?”

ಕಾರು ಅಲುಗಿತು. ಆಮೇಲೆ ಮೆಲ್ಲಗೆ ಉರುಳತೊಡಗಿತು. ಇಳಿಜಾರು ಇರಬೇಕು ಎಂದುಕೊಂಡೆ. ಕನ್ನಡಿಯಲ್ಲಿ ಹಿಂದಿನ ದೀಪದ ಕೆಂಪು ಬೆಳಕು ರಸ್ತೆಯ ಮೇಲೆ ಚೆಲ್ಲಿತ್ತು. ಆ ಬೆಳಕಿನಲ್ಲಿ ಯಾರೂ ಇರಲಿಲ್ಲ. ಬಗ್ಗಿ ದೂಡುತ್ತಿದ್ದಾನೆ, ಅದಕ್ಕೇ ಕಾಣುತ್ತಿಲ್ಲ... ಹಾಗೆಂದು ನನಗೆ ನಾನೇ ಹೇಳಿಕೊಂಡೆ.

“ಬಿಡ್ರೀ!”

ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿ, ಕುಲುಕಿ, ಎಂಜಿನ್ ಗುಡುಗಿತು. ಅದೇ ಹೊತ್ತಿಗೆ ದನಿ ಕಿವಿಯ ಪಕ್ಕದಲ್ಲೇ ಬಂತು. ಓಡುವವನ ಏದುಸಿರು ಅದರಲ್ಲಿರಲಿಲ್ಲ.

“ಇನ್ನ ಎಲ್ಲೂ ನಿಲ್ಲಸಬ್ಯಾಡ್ರಿ. ಹೊಳ್ಳಿ ಬರೂವಾಗ ಯಾರ ಕೈ ಮಾಡಿದ್ರೂ ನಿಲ್ಲಸಬ್ಯಾಡ್ರಿ... ನಾನ ಮಾಡಿದ್ರೂ.”

ಖಾನಾಪುರದ ಆಸ್ಪತ್ರೆಯ ಮುಂದೆ ಎಂಜಿನ್ ಆರಿಸಲಿಲ್ಲ. ಶೋಭಾಳನ್ನು ಹಿಂದಿನ ಸೀಟಿನಲ್ಲಿ ಒರಗಿಸಿ, ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅವಳ ಮುಖ, ಕೈ ಎಲ್ಲ ಊದಿದ್ದವು. ನಾನು ಕಾರು ತಿರುಗಿಸಿದೆ.

ಅದೇ ಜಾಗ ಬರುತ್ತಿದೆ ಎಂದು ವಾಸನೆಯಿಂದಲೇ ಗೊತ್ತಾಯಿತು. ಗಾಜುಗಳೆಲ್ಲ ಏರಿದ್ದವು. ಆದರೂ ಒಳಗೆ ತುಂಬಿತು.

ದೀಪದ ಬೆಳಕಿಗೆ ಅವನು ಸಿಕ್ಕ. ಬಿಳಿ ಅಂಗಿ, ತಲೆಗೆ ಟವೆಲು. ಈ ಸಲ ನೆಮ್ಮದಿಯಿಂದ ನಿಂತಿರಲಿಲ್ಲ. ಎರಡೂ ಕೈ ಮೇಲೆತ್ತಿ ರಸ್ತೆಯ ನಡುವಿಗೆ ಓಡಿ ಬರುತ್ತಿದ್ದ. ಬಾಯಿ ತೆರೆದಿತ್ತು, ದನಿ ಕೇಳಿಸಲಿಲ್ಲ. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಮತ್ತೆ ತೆಗೆದೆ. ನಿಲ್ಲಿಸಿದಾಗ ಎಂಜಿನ್ ಆರಿಬಿಟ್ಟರೆ? ಇವನು ನಿಜಕ್ಕೂ ಯಾರು? ಸ್ಟಿಯರಿಂಗ್ ಎಡಕ್ಕೆ ಎಳೆದು ದಾಟಿಸಿದೆ.

ಢಬ್! ಹಿಂದಿನ ಬಾಗಿಲಿಗೆ ಅಂಗೈ ಬಡಿದ ಸಪ್ಪಳ.

ಶೋಭಾ ತಲೆ ಎತ್ತಿದ್ದಳು. “ನಿಲ್ಲಸ್ರೀ... ಪಾಪ, ಅವರ ಕಾರೂ ಕೆಟ್ಟು ನಿಂತೈತಿ.”

“ಕಾರ? ಯಾವ ಕಾರ?”

“ಬಾನೆಟ್ ಎತ್ತಿ ನಿಂತಿತ್ತಲ್ಲ... ನಮ್ಮಂಥಾದ...”

ನಾನು ಯಾವ ಕಾರನ್ನೂ ನೋಡಿರಲಿಲ್ಲ. ಕನ್ನಡಿಯಲ್ಲಿ ಕತ್ತಲೆ ಮಾತ್ರ ಇತ್ತು. ಅತ್ತೆ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆಯುತ್ತಿದ್ದರು. ಸಪ್ಪಳವೂ ಕೇಳಿಸಲಿಲ್ಲವಂತೆ.

ಬೆಳಗಾವಿಯ ಆಸ್ಪತ್ರೆಯಲ್ಲಿ ನೇರವಾಗಿ ಆಪರೇಷನ್ ಕೋಣೆಗೆ ಒಯ್ದರು. ಹೆಣ್ಣು ಮಗು. ಇಬ್ಬರೂ ಉಳಿದರು. “ಇನ್ನೊಂದು ಅರ್ಧ ತಾಸು ತಡಾ ಆಗಿದ್ರ...” ಎಂದು ಡಾಕ್ಟರು ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಮೂರನೆಯ ದಿನ ಸಿಟ್ಟು ಹೊತ್ತು ಬಸಣ್ಣನ ಅಂಗಡಿಗೆ ಹೋದೆ.

“ಎಂಥಾ ಬ್ಯಾಟ್ರಿ ಕೊಟ್ಟೀರಿ ಬಸಣ್ಣ? ನಡು ದಾರ್ಯಾಗ ಗಾಡಿ ನಿಂತ್ತು. ದೂಡಾಕ ಹಿಂದಿಂದ ಮನಷ್ಯಾನ್ನೂ ಕಳಸಿದ್ರೇನು?”

“ಏನ್ರಿ ಸರ, ಹಂಗಂದ್ರ?” ಬಸಣ್ಣ ಗಾಬರಿಯಾಗಿ ಬಾನೆಟ್ ಎತ್ತಿದ.

ಹಳದಿ ಬಣ್ಣದಲ್ಲಿ ದಪ್ಪಗೆ ಬರೆದಿತ್ತು. ನಾಲ್ಕು.

ಟೆಸ್ಟರ್ ಇಟ್ಟ. ಮುಳ್ಳು ಹಸಿರಿನಲ್ಲಿ ನಿಂತಿತು. ಆಮೇಲೆ ಬ್ಯಾಟರಿಯ ತುದಿಗೆ ತಂತಿ ಹಿಡಿಸುವ ಬಿಗಿಪಟ್ಟಿಯನ್ನು ಅಲುಗಿಸಿ ನಾಲಿಗೆ ಕಚ್ಚಿಕೊಂಡ. “ಇದು ಸಡ್ಲ ಐತಿ ನೋಡ್ರಿ. ಗಡಬಡಿಯೊಳಗ ಪೂರಾ ಬಿಗದಿಲ್ಲ ನಾನು. ದೂಡಿದಾಗ ಕುಲಕ್ಯಾಡಿ ಮತ್ತ ಹಿಡದೈತಿ. ನನ್ನ ತಪ್ಪ ಸರ.”

ಎದೆಯ ಮೇಲಿನ ಭಾರ ಇಳಿದಂತಾಯಿತು. ಕಾರಣ ಸಿಕ್ಕಿತು. ಹೊರಡುವಷ್ಟರಲ್ಲಿ ಸುಮ್ಮನೆ ಕೇಳಿದೆ. “ಮತ್ತ ಏಳನೇ ನಂಬರಿಂದು ಎಲ್ಲೈತಿ?”

ಬೋಲ್ಟು ಬಿಗಿಯುವ ಪಾನಾ ಹಿಡಿದ ಬಸಣ್ಣನ ಕೈ ನಿಂತಿತು. “ಏಳು ಅಂತ ನಿಮಗ್ಯಾರು ಹೇಳಿದ್ರು?”

ಉತ್ತರಕ್ಕೆ ಕಾಯದೆ ಅಂಗಡಿಯ ಹಿಂದಿನ ಭಾಗಕ್ಕೆ ಕರೆದೊಯ್ದ. ಬೆಂಚಿನ ಕೆಳಗೆ ಧೂಳು ಹಿಡಿದ ಒಂದು ಬ್ಯಾಟರಿ ಇತ್ತು. ಅದಕ್ಕೆ ಕಟ್ಟಿದ ಚೀಟಿಯ ಅಕ್ಷರಗಳನ್ನು ಆ್ಯಸಿಡ್ ತಿಂದು ಹಾಕಿತ್ತು.

“ಇದರ ಮಾಲಕ ಏಳನೇದು ಹಾಕಸ್ಕೊಂಡು ಹೋದ. ಖಾನಾಪುರದ ಕಡೆ ಅರ್ಜಂಟ ಐತಿ ಅಂದಿದ್ದ. ಐದಾರು ವರ್ಷ ಆತ್ರಿ. ಹೊಳ್ಳಿ ಬರ್ಲಿಲ್ಲ. ಕೊಟ್ಟ ಫೋನ್ ಹತ್ತಲಿಲ್ಲ. ಮೊದಲ ಕಳ್ಳ ಅಂತ ಬೈದ್ನಿ. ಆಮ್ಯಾಲ ಯಾಕೋ... ಮಂದಿ ಜಿನಸು, ಗುಜರಿಗೆ ಹಾಕಾಕ ಕೈ ಬರವಲ್ತು.”

“ಏನಾತು ಅವಂಗ?”

“ಯಾರಿಗೊತ್ರಿ.”

ಹೊಸ ಬ್ಯಾಟರಿ ಹಾಕಿಸಿಕೊಂಡೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಯಾರಾದ ತಾರೀಖನ್ನೂ ನೋಡಲಿಲ್ಲ.

ಆಮೇಲೆ ನಿಧಾನವಾಗಿ ಎಲ್ಲವನ್ನೂ ನನ್ನದೇ ರೀತಿಯಲ್ಲಿ ಜೋಡಿಸಿದೆ. ಮೊದಲ ಸಂಜೆ ನಾನು ವಾರಂಟಿ ಕಾರ್ಡು ಓದುವಾಗ ಬಸಣ್ಣ ಈ ಕಥೆಯನ್ನೇ ಹೇಳುತ್ತಿದ್ದಿರಬೇಕು. ಕಿವಿ ಕೇಳಿಸಿಕೊಂಡಿದೆ, ನಾನು ಮರೆತಿದ್ದೇನೆ. ರಾತ್ರಿ ಯಾರೋ ಹಳ್ಳಿಯವನು ಬಂದು ದೂಡಿದ. ಗಾಬರಿಯಾದ ಮನಸ್ಸು ಏಳು ಎಂಬ ಸಂಖ್ಯೆಯನ್ನು ಅವನ ಬಾಯಿಗೆ ತುರುಕಿತು. ಬಸಣ್ಣನನ್ನು ಕೇಳಿದರೆ, “ಆ ಮಾತು ನಾ ಯಾರ ಮುಂದೂ ಆಡೂದಿಲ್ರಿ” ಎನ್ನುತ್ತಾನೆ. ಅವನ ನೆನಪನ್ನು ಮಾತ್ರ ನಾನೇಕೆ ನಂಬಲಿ?

ಒಂದು ಭಾನುವಾರ ಹಗಲು ಹೊತ್ತಿನಲ್ಲಿ ಆ ಜಾಗಕ್ಕೆ ಹೋದೆ. ನೀರಿನ ಬಾಟಲಿಯನ್ನು ರಸ್ತೆಯ ಅಂಚಿಗೆ ಮಲಗಿಸಿದೆ. ಅದು ಬೆಳಗಾವಿಯ ಕಡೆಗೆ ಉರುಳಿತು. ಅಂದರೆ ಖಾನಾಪುರದ ಕಡೆ ಏರು. ಒಬ್ಬನೇ ಒಬ್ಬ ನನ್ನ ಕಾರನ್ನು ಆ ಏರಿನಲ್ಲಿ ದೂಡಿದನೇ? ಜಾಗವೇ ತಪ್ಪಿರಬಹುದು. ಕತ್ತಲಲ್ಲಿ ಎಲ್ಲ ಒಂದೇ ಥರ ಕಾಣುತ್ತದೆ.

ಇಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದೆ. ಕಳೆದ ವಾರ ಶೋಭಾ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಏನೋ ನೆನಪಾದವಳಂತೆ ತಲೆ ಎತ್ತಿದಳು.

“ಅವತ್ತ ಆ ಕಾರಿನಾಗ ಹಿಂದ ಒಬ್ಬಾಕಿ ಇದ್ಲಲ್ಲ, ಹೊಟ್ಟಿ ಹಿಡಕೊಂಡು... ಅಕಿದೇನಾತೋ ಏನೋ.”

“ಇದನ್ನ ನೀ ನನಗ ಹೇಳೇ ಇಲ್ಲ.”

“ಏನ್ರೀ ನೀವು! ಅವತ್ತ ಹೇಳಿದ್ನಲ್ಲ. ಒಳಗ ಬಸರಿ ಹೆಣ್ಮಗಳು ಅದಾಳ, ನಿಲ್ಲಸ್ರಿ ಅಂತ ಎರಡು ಸಲ ಚೀರಿದ್ನಿ.” ಅವಳು ನನ್ನ ಮುಖವನ್ನೇ ನೋಡಿದಳು. “ನೀವು ‘ಗೊತ್ತೈತಿ’ ಅಂದ್ರಿ.”

ಆ ಮಾತು ನನ್ನ ಬಾಯಿಂದ ಬಂದದ್ದು ನನಗೆ ನೆನಪಿಲ್ಲ. ಎಷ್ಟು ತಡಕಿದರೂ ಸಿಗುತ್ತಿಲ್ಲ.