ಕಡ್ಡಾಯ ಕಳಚಿದ ತರಗತಿ

ಇನ್ನೂ ನಸುಕು. ವಿಶ್ವವಿದ್ಯಾಲಯದ ದೊಡ್ಡ ಕೋಣೆಯಲ್ಲಿ ಒಂದೇ ದೀಪ ಉರಿಸಿಕೊಂಡು ದೊಡ್ಡ ಮೇಡಂ ಪುಟವೊಂದನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಧ್ವನಿ ಏರುತ್ತದೆ, ತಗ್ಗುತ್ತದೆ, ಗೋಡೆ ಮುಟ್ಟಿ ಮರಳುತ್ತದೆ. ಕೊನೆಯ ಬೆಂಚಿನ ಬಳಿ ಕಸ ಗುಡಿಸುವಾಕೆ ಪೊರಕೆ ನಿಲ್ಲಿಸುತ್ತಾಳೆ.

“ಕೇಳಿಸ್ತಿದೆ ಮೇಡಂ. ಆದ್ರೆ ಇವತ್ತು ಯಾರ ಮೇಲೆ ಸಿಟ್ಟು?”

ಸಿಟ್ಟು ತಂಗಿಯ ಮೇಲೆ. ಪಕ್ಕದ ಕಟ್ಟಡದಲ್ಲಿ ನಕ್ಷತ್ರ ಗುರುತಿಸುವುದನ್ನು ಕಲಿಸುವ ಚಿಕ್ಕ ಮೇಡಂ ಇವರ ಒಡಹುಟ್ಟಿದವರು.

ಹದಿನೆಂಟು ವರ್ಷಗಳಿಂದ ದೊಡ್ಡ ಮೇಡಂ ಕಲಿಸುತ್ತಿರುವುದು ಗದ್ಯವನ್ನು ಬಾಯಿಬಿಟ್ಟು ಓದಿ, ಕಿವಿಯಿಂದ ಅರ್ಥ ಹಿಡಿಯುವ ಪಾಠ. ಮೊದಲು ಎಲ್ಲ ವಿಭಾಗದವರಿಗೂ ಅದು ಕಡ್ಡಾಯ. ಕೋಣೆ ತುಂಬುತ್ತಿತ್ತು, ಅರ್ಧಕ್ಕರ್ಧ ಆಕಳಿಸುತ್ತಿತ್ತು. ಸಾಮಾನ್ಯ ಶಿಕ್ಷಣದ ಪಠ್ಯಕ್ರಮ ತಿದ್ದಲು ಸಮಿತಿ ಕೂತಾಗ ಉಳಿದವರೆಲ್ಲ ತಂತಮ್ಮ ಪಾಠ ಉಳಿಸಿಕೊಳ್ಳಲು ಹೆಣಗಿದರು. ಇವರೊಬ್ಬರೇ ಎದ್ದು ನಿಂತು, ನನ್ನ ಪಾಠದ ಕಡ್ಡಾಯ ತೆಗೆಯಿರಿ ಎಂದರು.

“ಕಟ್ಟಿಹಾಕಿದ ಕಿವಿಗೆ ಏನು ಓದೋದು? ಬಿಚ್ಚಿಬಿಡಿ, ಬರೋರು ಬರ್ತಾರೆ ಅಂದೆ. ದೊಡ್ಡ ಮಾತು ಆಡ್ಬಿಟ್ಟೆ,” ಎನ್ನುತ್ತಾರೆ ದೊಡ್ಡ ಮೇಡಂ ಗುಡಿಸುವಾಕೆಗೆ.

ಈಗ ವಿದ್ಯಾರ್ಥಿಗಳು ತಮ್ಮ ವಿಷಯದಾಚೆಯ ಪಾಠವೊಂದನ್ನು ತಾವೇ ಆರಿಸಿಕೊಳ್ಳುತ್ತಾರೆ. ತಂಗಿಯ ತರಗತಿ ಒಂದೇ ದಿನದಲ್ಲಿ ಭರ್ತಿ. ಇಲ್ಲಿ ಒಂಬತ್ತು ಜನ. ಇಂದು ಸಂಜೆಯೊಳಗೆ ಹದಿನೈದಾಗದಿದ್ದರೆ ಪಾಠವೇ ರದ್ದು.

“ಹೊಟ್ಟೆಕಿಚ್ಚಾ ಅಂತ ಸುತ್ತಿಬಳಸಿ ಕೇಳ್ಬೇಡಿ. ಹೊಟ್ಟೆಕಿಚ್ಚೇ. ಕೈ ಹಿಡಿದು ಅವಳಿಗೆ ಅಕ್ಷರ ತಿದ್ದಿಸಿದ್ದು ನಾನು. ಆಕಾಶ ಏನು ಅವಳು ಮಾಡಿದ್ದಾ? ಅದು ಅಲ್ಲೇ ಇತ್ತು!”

ಅಷ್ಟರಲ್ಲಿ ಬಾಗಿಲಲ್ಲಿ ತಂಗಿಯೇ ನಿಂತಿದ್ದಾರೆ. “ಅಕ್ಕಾ, ನನ್ನಲ್ಲಿ ಜಾಗ ಸಿಗದ ಇಪ್ಪತ್ತು ಮಂದಿ ಅಲೀತಿದ್ದಾರೆ. ಇಲ್ಲಿಗೆ ಕಳಿಸ್ಲಾ?”

“ನಿನ್ನಲ್ಲಿ ಮಿಕ್ಕಿದ್ದು ನನಗಾ?”

“ಬಿಂಕ ಸಾಕು ಕಣೇ. ಪಾಠ ಹೋದ್ರೆ ಹುಡುಗರು ಏನು ಮಾಡ್ಬೇಕು? ನೀನು ಮನೇಲಿ ಕೂತು ನನಗೇ ಓದ್ತೀಯಾ?”

ದೊಡ್ಡ ಮೇಡಂ ಪುಸ್ತಕದ ಅಂಚು ಸವರುತ್ತಾರೆ. “ಕಳಿಸು,” ಎನ್ನುತ್ತಾರೆ ಕೊನೆಗೆ, ತಂಗಿಯ ಮುಖ ನೋಡದೆ. ತಂಗಿ ನಗುತ್ತಾ ಹೊರಡುತ್ತಾರೆ. ಆ ನಗುವೂ ಅಕ್ಕನಿಗೆ ಸೇರುವುದಿಲ್ಲ.

“ಪಾಠ ಉಳೀತು, ಅವಳ ದಯೆಯಿಂದ. ಅದನ್ನೂ ನುಂಗ್ಬೇಕು,” ಎನ್ನುತ್ತಾರೆ ಗುಡಿಸುವಾಕೆಯತ್ತ ತಿರುಗಿ. ಆಮೇಲೆ ದನಿ ತಗ್ಗಿಸುತ್ತಾರೆ. “ಆ ಮೊದಲಿನ ಒಂಬತ್ತು ಜನ ಅವಳಲ್ಲಿ ಭರ್ತಿಯಾಗೋ ಮುಂಚೆ ಬಂದೋರಾ, ಆಮೇಲಾ ಅಂತ ನಾನು ಕೇಳಿಲ್ಲ. ಕೇಳೋದೂ ಇಲ್ಲ. ಒಬ್ಬರಾದ್ರೂ ಮುಂಚೆ, ನನ್ನ ಪಾಠಾನೇ ಬೇಕು ಅಂತ ಬಂದಿರ್ಲಿ ಅಂತ ದೇವರಲ್ಲಿ ಬೇಡ್ಕೊಂಡಿದೀನಿ, ಅಷ್ಟೇ.”